ಬಿಗಿಯಲೂ ಬೇಕು, ಬಿಚ್ಚಲೂ ಬೇಕು

ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಉದ್ಯಾನದಲ್ಲಿ ಕಾರಂಜಿಗಳು ಚಿಮ್ಮುವಾಗ ನೆಲದಡಿಯಲ್ಲಿ ದುಡಿಯುವ ಕೊಳವೆಗಳಲ್ಲಿ ಹಲವು 14ನೇ ಲೂಯಿ ದೊರೆಯ ಕಾಲದವು. ಹದಿನೇಳನೇ ಶತಮಾನದಲ್ಲಿ ಹಾಕಿದ ಆ ಬೀಡುಕಬ್ಬಿಣದ ಕೊಳವೆಗಳು ಮುನ್ನೂರು ವರ್ಷ ದಾಟಿದರೂ ನೀರು ಸಾಗಿಸುತ್ತಿವೆ. ಉದ್ದನೆಯ ಕೊಳವೆ ಎರೆಯುವುದು ಆಗಿನವರಿಗೆ ಸುಲಭವಿರಲಿಲ್ಲ. ಗಿಡ್ಡ ತುಂಡುಗಳನ್ನು ಎರೆದು, ಪ್ರತಿ ತುಂಡಿನ ಎರಡೂ ತುದಿಗೆ ಅಗಲವಾದ ಅಂಚು ಬಿಟ್ಟು, ಅಂಚಿಗೆ ಅಂಚು ಕೂಡಿಸಿ ಬೋಲ್ಟು ಹಾಕಿ ಬಿಗಿದರು. ಆ ಅಂಚೇ ಫ್ಲೇಂಜ್.

ಇವತ್ತಿಗೂ ಯಾವುದೇ ಊರಿನ ಪಂಪ್‌ಹೌಸಿಗೆ ಹೋದರೂ ಕಣ್ಣಿಗೆ ಬೀಳುವುದು ಅದೇ ವ್ಯವಸ್ಥೆ: ಎರಡು ದಪ್ಪ ಕಬ್ಬಿಣದ ಬಿಲ್ಲೆಗಳು, ನಡುವೆ ಒಂದು ರಬ್ಬರ್ ಹಾಳೆ, ಸುತ್ತ ಬೋಲ್ಟು-ನಟ್ಟುಗಳು. ಕೊಳವೆ ತಿರುಗಬೇಕಾದಲ್ಲಿ ಬೆಂಡ್, ಕವಲೊಡೆಯಬೇಕಾದಲ್ಲಿ ಟೀ, ಕಿರಿದಾಗಬೇಕಾದಲ್ಲಿ ರೆಡ್ಯೂಸರ್, ಮುಚ್ಚಬೇಕಾದಲ್ಲಿ ನಡುವೆ ತೂತಿಲ್ಲದ ಬ್ಲ್ಯಾಂಕ್ ಫ್ಲೇಂಜ್. ಈ ಎಲ್ಲ ಫಿಟಿಂಗ್‌ಗಳಿಗೂ ತುದಿಯಲ್ಲಿ ಅದೇ ಬಿಲ್ಲೆ.

ಹಾಗಾದರೆ ಊರೊಳಗೆ ರಸ್ತೆ ಅಗೆದು ಹೂಳುವ ಕೊಳವೆಗಳಲ್ಲಿ ಫ್ಲೇಂಜ್ ಏಕೆ ಕಾಣುವುದಿಲ್ಲ? ಫ್ಲೇಂಜ್ ಜೋಡಣೆ ಸೆಟೆದು ನಿಲ್ಲುತ್ತದೆ, ಬಾಗುವುದಿಲ್ಲ, ಜಾರುವುದಿಲ್ಲ. ನೆಲವಾದರೋ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ, ಲಾರಿ ಹಾಯ್ದರೆ ತಗ್ಗುತ್ತದೆ. ನೆಲ ಕುಸಿದರೆ ಬಾಗಲಾರದ ಜೋಡಣೆಯ ಪಕ್ಕದಲ್ಲಿ ಕಬ್ಬಿಣವೇ ಸೀಳುತ್ತದೆ. ಲಂಡನ್ನಿನ ಚೆಲ್ಸಿ ವಾಟರ್ ಕಂಪನಿಯ ಎಂಜಿನಿಯರ್ ಥಾಮಸ್ ಸಿಂಪ್ಸನ್ 1785ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡ. ಒಂದು ಕೊಳವೆಯ ಅಗಲವಾದ ಬಾಯೊಳಗೆ ಮತ್ತೊಂದರ ತುದಿ ತೂರಿಸಿ, ಸಂದಿಗೆ ನಾರು ತುರುಕಿ, ಕರಗಿಸಿದ ಸೀಸ ಹೊಯ್ದು ಜಡಿಯುವ ಸಾಕೆಟ್ ಜೋಡಣೆ ಅದು. ಸೀಸದ ಜಾಗಕ್ಕೆ ಈಗ ರಬ್ಬರ್ ಉಂಗುರ ಬಂದಿದೆ. ಸಾಕೆಟ್ ಜೋಡಣೆ ನೆಲದೊಂದಿಗೆ ತುಸು ಬಾಗಬಲ್ಲದು. ಆದ್ದರಿಂದ ನೆಲದೊಳಗಿನ ಮೈಲುಗಟ್ಟಲೆ ಸಾಲು ಸಾಕೆಟ್ಟಿನ ಪಾಲಾಯಿತು. ಪಂಪ್‌ಹೌಸ್, ವಾಲ್ವ್ ಚೇಂಬರ್, ಶುದ್ಧೀಕರಣ ಘಟಕ, ಓವರ್‌ಹೆಡ್ ಟ್ಯಾಂಕಿನ ಕಾಲಬುಡ ಫ್ಲೇಂಜಿಗೆ ಉಳಿದವು.

ಸಾಕೆಟ್ಟಿಗೆ ಒಂದು ಮಿತಿ ಇದೆ. ಅದು ನೀರನ್ನು ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಆ ಎಳೆತ ಎಷ್ಟೆಂದು ಒಂದು ಲೆಕ್ಕದಿಂದ ತಿಳಿಯಬಹುದು. 300 ಮಿಲಿಮೀಟರ್ ವ್ಯಾಸದ ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರ್. 100 ಮೀಟರ್ ಎತ್ತರಕ್ಕೆ ನೀರೆತ್ತುವ ಪಂಪಿನ ಬಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ 10 ಕಿಲೋಗ್ರಾಂ ಒತ್ತಡವಿರುತ್ತದೆ. ಗುಣಿಸಿದರೆ ಸುಮಾರು 7,000 ಕಿಲೋಗ್ರಾಂ. ಅಂದರೆ ಮುಚ್ಚಿದ ವಾಲ್ವಿನ ಮೇಲೆ ಏಳು ಟನ್ ಒತ್ತಡ. ಕೊಳವೆ 90 ಡಿಗ್ರಿ ತಿರುಗುವ ಬೆಂಡಿನಲ್ಲಿ ಎರಡು ದಿಕ್ಕಿನ ಒತ್ತಡಗಳು ಕೂಡಿ, ಬೆಂಡನ್ನು ಹೊರಕ್ಕೆ ನೂಕುವ ಬಲ ಹತ್ತು ಟನ್ ಆಗುತ್ತದೆ. ಸಾಕೆಟ್ ಸಾಲಿನ ಬೆಂಡಿಗೆ ಬೆನ್ನಾಸರೆಯಾಗಿ ಕಾಂಕ್ರೀಟ್ ದಿಮ್ಮಿ ಹಾಕುವುದು ಇದಕ್ಕಾಗಿ. ಪಂಪ್‌ಹೌಸಿನಲ್ಲಿ ಪ್ರತಿ ತಿರುವಿಗೂ ಅಂಥ ದಿಮ್ಮಿ ಕಟ್ಟಲು ಜಾಗವಿರುವುದಿಲ್ಲ. ಫ್ಲೇಂಜಾದರೆ ಬೋಲ್ಟುಗಳೇ ಆ ಎಳೆತವನ್ನು ಹೊರುತ್ತವೆ. 300 ಮಿಲಿಮೀಟರಿನ ಫ್ಲೇಂಜಿಗೆ 12 ಬೋಲ್ಟು; ಏಳು ಟನ್ನನ್ನು ಹಂಚಿದರೆ ಒಂದೊಂದಕ್ಕೆ ಸುಮಾರು 600 ಕಿಲೋಗ್ರಾಂ.

ಇದು ನೀರು ಹದವಾಗಿ ಹರಿಯುತ್ತಿರುವಾಗಿನ ಮಾತು. ಕರೆಂಟ್ ಹೋಗಿ ಪಂಪು ತಟಕ್ಕನೆ ನಿಂತರೆ, ಇಲ್ಲವೇ ಯಾರಾದರೂ ವಾಲ್ವನ್ನು ಅವಸರದಲ್ಲಿ ಮುಚ್ಚಿದರೆ, ಹರಿಯುತ್ತಿದ್ದ ನೀರಿನ ವೇಗವೆಲ್ಲ ಒತ್ತಡದ ಅಲೆಯಾಗಿ ಕೊಳವೆಯ ಉದ್ದಕ್ಕೂ ಓಡುತ್ತದೆ. ವಾಟರ್ ಹ್ಯಾಮರ್ ಎಂದು ಕರೆಯುವ ಈ ಹೊಡೆತವನ್ನು ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ 1890ರ ದಶಕದ ಕೊನೆಯಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ಲೆಕ್ಕಕ್ಕೆ ತಂದರು. ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವ ನೀರು ಒಮ್ಮೆಲೇ ನಿಂತರೆ ಸುಮಾರು 100 ಮೀಟರ್ ನೀರಿನ ಕಂಬದಷ್ಟು ಹೆಚ್ಚುವರಿ ಒತ್ತಡ ಹುಟ್ಟುತ್ತದೆ. ಮೇಲಿನ ಉದಾಹರಣೆಯ ಏಳು ಟನ್ ಆ ಕ್ಷಣಕ್ಕೆ ಹದಿನಾಲ್ಕಾಗುತ್ತದೆ.

ಬೆಂಗಳೂರಿನ ಮನೆಗಳಿಗೆ ಬರುವ ಕಾವೇರಿ ನೀರು ಇಂಥ ಒತ್ತಡಗಳನ್ನು ಹಾದೇ ಬರುತ್ತದೆ. 1974ರಲ್ಲಿ ಮೊದಲ ಹಂತದೊಂದಿಗೆ ಶುರುವಾದ ಯೋಜನೆ 2024ರ ಅಕ್ಟೋಬರಿನಲ್ಲಿ ಐದನೇ ಹಂತ ಮುಟ್ಟಿತು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಠಾಣೆಗಳಲ್ಲಿ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ನೀರನ್ನು ಏರಿಸಲಾಗುತ್ತದೆ. ಕೊಳವೆಯ ಸಾಲು ಬೆಸುಗೆ ಹಾಕಿದ ಉಕ್ಕಿನದ್ದಾದರೂ, ಪಂಪು ಮತ್ತು ವಾಲ್ವುಗಳನ್ನು ಬಿಚ್ಚಿ ರಿಪೇರಿ ಮಾಡಲು ಫ್ಲೇಂಜ್ ಇಲ್ಲದೆ ನಡೆಯುವುದಿಲ್ಲ. ಬೆಸುಗೆಯನ್ನು ತೆಗೆಯಬೇಕಾದರೆ ಕತ್ತರಿಸಬೇಕು. ಫ್ಲೇಂಜಿಗೆ ಎರಡು ಸ್ಪ್ಯಾನರ್ ಸಾಕು.

ಫ್ಲೇಂಜಿನೊಳಗೆ ನೀರನ್ನು ನಿಜವಾಗಿ ತಡೆಯುವುದು ಯಾವುದು? ಕಬ್ಬಿಣಕ್ಕೆ ಕಬ್ಬಿಣ ಎಷ್ಟೇ ಒತ್ತಿದರೂ ಕಣ್ಣಿಗೆ ಕಾಣದ ಏರುತಗ್ಗುಗಳ ನಡುವೆ ನೀರು ನುಸುಳುತ್ತದೆ. ಆ ತಗ್ಗುಗಳನ್ನು ತುಂಬುವುದು ನಡುವಿನ ರಬ್ಬರ್ ಹಾಳೆ, ಅಂದರೆ ಗ್ಯಾಸ್ಕೆಟ್. ಅಡುಗೆಮನೆಯ ಕುಕ್ಕರಿನ ಮುಚ್ಚಳದಲ್ಲಿ ರಬ್ಬರ್ ಉಂಗುರ ಮಾಡುವ ಕೆಲಸವೇ ಇಲ್ಲಿಯದೂ. ರಬ್ಬರನ್ನು ಎಷ್ಟು ಒತ್ತಿದರೂ ಅದರ ಗಾತ್ರ ಕುಗ್ಗುವುದಿಲ್ಲ. ಒತ್ತಿದಷ್ಟೂ ಪಕ್ಕಕ್ಕೆ ಸರಿದು ಸಿಕ್ಕ ಸಂದಿಯನ್ನೆಲ್ಲ ತುಂಬಿಕೊಳ್ಳುತ್ತದೆ. ಒಳಗಿನ ನೀರಿನ ಒತ್ತಡಕ್ಕಿಂತ ರಬ್ಬರಿನ ಮೇಲಿನ ಒತ್ತಡ ಹೆಚ್ಚಿರುವವರೆಗೆ ಒಂದು ಹನಿಯೂ ಹೊರಬರುವುದಿಲ್ಲ.

ಆ ಒತ್ತಡವನ್ನು ಕೊಡುವುದು ಬೋಲ್ಟು. ನಟ್ಟು ತಿರುಗಿಸಿದಂತೆ ಬೋಲ್ಟು ಕೂದಲೆಳೆಯಷ್ಟು ಉದ್ದವಾಗಿ ಹಿಗ್ಗುತ್ತದೆ, ಮತ್ತೆ ಮೊದಲಿನ ಅಳತೆಗೆ ಮರಳಲು ಹೆಣಗುತ್ತದೆ. ಆ ಹೆಣಗಾಟವೇ ಎರಡು ಬಿಲ್ಲೆಗಳನ್ನು ಸದಾ ಒತ್ತಿ ಹಿಡಿಯುವ ಬಲ. ಆದರೆ ಸ್ಪ್ಯಾನರಿಗೆ ಹಾಕಿದ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಟ್ಟಿನಡಿಯ ಮತ್ತು ಮರೆಯ ಉಜ್ಜಾಟದಲ್ಲೇ ಕಳೆದುಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತನೇ ಒಂದು ಪಾಲು ಮಾತ್ರ. ತುಕ್ಕು ಹಿಡಿದ ಬೋಲ್ಟಿನಲ್ಲಿ ಅದೂ ಉಳಿಯದು. ಕೈಗೆ ಬಿಗಿ ಅನಿಸುತ್ತದೆ, ಗ್ಯಾಸ್ಕೆಟ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಅನುಭವಿ ಫಿಟ್ಟರ್‌ಗಳು ಮರೆಗೆ ಗ್ರೀಸ್ ಸವರಿ, ವಾಷರ್ ಹಾಕಿ, ಆಮೇಲೆ ಬಿಗಿಯುತ್ತಾರೆ.

ಬಿಗಿಯುವ ಕ್ರಮವೂ ಅಷ್ಟೇ ಮುಖ್ಯ. ಒಂದರ ಪಕ್ಕದಲ್ಲಿ ಒಂದರಂತೆ ಸುತ್ತುವರಿದು ಬಿಗಿದರೆ ಮೊದಲು ಬಿಗಿದ ಕಡೆ ಬಿಲ್ಲೆ ಕಚ್ಚಿಕೊಂಡು, ಎದುರು ಕಡೆ ಬಾಯಿ ತೆರೆಯುತ್ತದೆ. ಗ್ಯಾಸ್ಕೆಟ್ ಒಂದೆಡೆ ನಜ್ಜುಗುಜ್ಜಾಗುತ್ತದೆ. ಸರಿಯಾದ ಕ್ರಮದಲ್ಲಿ ಒಂದು ಬೋಲ್ಟಿನ ನಂತರ ಅದರ ನೇರ ಎದುರಿನದು, ಆಮೇಲೆ ಅಡ್ಡದ ಎರಡು. ಮೊದಲ ಸುತ್ತಿನಲ್ಲಿ ಅರೆಬಿಗಿ, ಎರಡನೆಯದರಲ್ಲಿ ಮುಕ್ಕಾಲು, ಮೂರನೆಯದರಲ್ಲಿ ಪೂರ್ತಿ. ರಬ್ಬರ್ ಒತ್ತಡಕ್ಕೆ ನಿಧಾನವಾಗಿ ಸೋಲುವ ವಸ್ತುವಾದ್ದರಿಂದ ಬೋಲ್ಟುಗಳ ಬಿಗಿ ಕಾಲಕ್ರಮದಲ್ಲಿ ತುಸು ಸಡಿಲವಾಗುತ್ತದೆ. ಮತ್ತೊಮ್ಮೆ ನೋಡಿ ಬಿಗಿಯಬೇಕು. ಇಂತಿಷ್ಟೇ ಬಲಕ್ಕೆ ಬಿಗಿಯಲು ನೆರವಾಗುವ ಟಾರ್ಕ್ ರೆಂಚ್ ಇದ್ದರೆ ಕಣ್ಣಂದಾಜಿನ ಕೆಲಸ ತಪ್ಪುತ್ತದೆ.

ಫ್ಲೇಂಜಿನ ತೂತುಗಳನ್ನು ಎಣಿಸಿದವರಿಗೆ ಒಂದು ಸಂಗತಿ ಹೊಳೆದಿರುತ್ತದೆ. ಅವು 4, 8, 12, 16, 20 ಹೀಗೆ ನಾಲ್ಕರ ಮಡಿಯಲ್ಲೇ ಇರುತ್ತವೆ. ಬೆಂಡನ್ನಾಗಲಿ ಟೀಯನ್ನಾಗಲಿ ಕಾಲುಸುತ್ತು ತಿರುಗಿಸಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮುಖ ಮಾಡಿದರೂ ತೂತಿಗೆ ತೂತು ಕೂಡಬೇಕೆಂಬುದು ಇದರ ಉದ್ದೇಶ. ಇಷ್ಟೆಲ್ಲ ಶಿಸ್ತಿದ್ದರೂ ಎಡವಟ್ಟಿಗೆ ಎಡೆಯಿದೆ. ಫ್ಲೇಂಜ್‌ಗಳಿಗೆ ಪಿಎನ್ 10, ಪಿಎನ್ 16 ಎಂಬ ದರ್ಜೆಗಳಿವೆ. ಅಂಕಿ ಅದು ತಾಳುವ ಒತ್ತಡವನ್ನು ಬಾರ್ ಲೆಕ್ಕದಲ್ಲಿ ಹೇಳುತ್ತದೆ. 100 ಮಿಲಿಮೀಟರ್ ಅಳತೆಯಲ್ಲಿ ಎರಡೂ ದರ್ಜೆಗೆ 8 ಬೋಲ್ಟು, ಒಂದಕ್ಕೊಂದು ಕೂಡುತ್ತವೆ. 200 ಮಿಲಿಮೀಟರಿಗೆ ಬಂದರೆ ಪಿಎನ್ 10ಕ್ಕೆ 8, ಪಿಎನ್ 16ಕ್ಕೆ 12. ವಾಲ್ವ್ ಒಂದು ದರ್ಜೆಯದು, ಕೊಳವೆ ಇನ್ನೊಂದು ದರ್ಜೆಯದು ಬಂದಿಳಿದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಗ್ಯಾಸ್ ಕಟರಿನಿಂದ ತೂತು ಅಗಲಿಸಿ ಹೇಗೋ ಕೂಡಿಸಿದರೆ, ಆ ಜೋಡಣೆ ಮುಂದೊಂದು ದಿನ ಕೈಕೊಡುವುದು ಖಂಡಿತ.

ವಸ್ತುವಿನ ವಿಷಯದಲ್ಲಿ ದೊಡ್ಡ ಬದಲಾವಣೆ ಬಂದದ್ದು ಕಳೆದ ಶತಮಾನದ ನಡುವಿನಲ್ಲಿ. ಹಳೆಯ ಬೀಡುಕಬ್ಬಿಣದಲ್ಲಿ ಇಂಗಾಲ ತೆಳು ಪದರಗಳಾಗಿ ಹರಡಿರುತ್ತದೆ. ಪ್ರತಿ ಪದರದ ಚೂಪು ತುದಿಯೂ ಒಂದು ಬಿರುಕಿನ ಮೊಳಕೆ. ಬೋಲ್ಟನ್ನು ಅತಿಯಾಗಿ ಬಿಗಿದರೆ ಫ್ಲೇಂಜಿನ ಅಂಚು ಚಟ್ಟೆಂದು ಒಡೆಯುತ್ತಿದ್ದುದು ಈ ಕಾರಣಕ್ಕೆ. ಅಮೆರಿಕದ ಲೋಹತಜ್ಞ ಕೀತ್ ಮಿಲ್ಲಿಸ್ 1943ರಲ್ಲಿ ಕರಗಿದ ಕಬ್ಬಿಣಕ್ಕೆ ಅತ್ಯಲ್ಪ ಪ್ರಮಾಣದ ಮೆಗ್ನೀಸಿಯಂ ಸೇರಿಸಿದಾಗ ಇಂಗಾಲ ಪದರವಾಗದೆ ಗುಂಡುಗುಂಡಾಗಿ ಕೂಡಿಕೊಂಡಿತು. ಗುಂಡಿಗೆ ಚೂಪು ತುದಿಯಿಲ್ಲ, ಬಿರುಕು ಓಡಲು ದಾರಿಯಿಲ್ಲ. ಡಕ್ಟೈಲ್ ಐರನ್ ಹುಟ್ಟಿದ್ದು ಹೀಗೆ. ಅದರ ಫಿಟಿಂಗ್‌ಗಳು ತುಂಡಾಗುವ ಮೊದಲು ಶೇಕಡ 5ರಷ್ಟಾದರೂ ಹಿಗ್ಗಬೇಕು ಎಂಬುದು ಮಾನಕದ ಷರತ್ತು. ನಮ್ಮಲ್ಲಿ ಈ ಫಿಟಿಂಗ್‌ಗಳಿಗೆ ಐಎಸ್ 9523 ಎಂಬ ಭಾರತೀಯ ಮಾನಕವಿದೆ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಒಂದು ಕಾಲಕ್ಕೆ ಬೀಡುಕಬ್ಬಿಣದ ಕೊಳವೆಗಳನ್ನು ಎರೆಯುತ್ತಿತ್ತು. ಇವತ್ತು ಹೊಸ ಟೆಂಡರುಗಳಲ್ಲಿ ಕಾಣುವ ಡಿ.ಐ. (ಡಕ್ಟೈಲ್ ಐರನ್) ಪೈಪ್ ಅದೇ ವಂಶದ ಮುಂದಿನ ತಲೆಮಾರು.

ಶುದ್ಧ ನೀರಿಗಿಂತ ಕಠಿಣ ಪರೀಕ್ಷೆ ಇರುವುದು ಒಳಚರಂಡಿಯಲ್ಲಿ. ಕೊಳಚೆ ನಿಂತಲ್ಲಿ ಆಮ್ಲಜನಕ ಮುಗಿದು, ಸಲ್ಫೇಟನ್ನು ಉಣ್ಣುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಈ ಅನಿಲ ಮೇಲೆ ಖಾಲಿ ಇರುವ ತೇವದ ಗೋಡೆಗೆ ಸೇರಿದಾಗ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲವಾಗಿಸುತ್ತದೆ. ಆಮ್ಲ ಸಾಮಾನ್ಯ ಸಿಮೆಂಟನ್ನೂ ತಿನ್ನುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಆದ್ದರಿಂದ ಒಳಚರಂಡಿಯ ಡಕ್ಟೈಲ್ ಐರನ್ ಕೊಳವೆಗೆ ಒಳಗಡೆ ಹೈ ಅಲ್ಯುಮಿನಾ ಸಿಮೆಂಟಿನ ಲೇಪ, ಫಿಟಿಂಗಿಗೆ ಎಪಾಕ್ಸಿ ಲೇಪ, ಕೊಳಚೆ ತುಂಬಿಕೊಳ್ಳುವ ಬಾವಿಯಾದ ವೆಟ್‌ವೆಲ್ಲಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು. ಕುಡಿಯುವ ನೀರಿಗೆ ಒಗ್ಗುವ ಇಪಿಡಿಎಂ ರಬ್ಬರ್ ಎಣ್ಣೆ ಜಿಡ್ಡಿಗೆ ಉಬ್ಬುತ್ತದೆ. ಅಂಥ ಕೊಳಚೆ ಹರಿಯುವಲ್ಲಿ ನೈಟ್ರೈಲ್ ರಬ್ಬರ್ ಬಳಸುತ್ತಾರೆ.

ಕೊಳಚೆ ಪಂಪಿನಲ್ಲಿ ಬಟ್ಟೆ, ಕೂದಲು, ಪ್ಲಾಸ್ಟಿಕ್ ಸಿಕ್ಕಿಕೊಳ್ಳುವುದು ದಿನನಿತ್ಯದ ಮಾತು. ವೆಟ್‌ವೆಲ್ಲಿನ ತಳದಲ್ಲಿರುವ ಪಂಪನ್ನು ಬಿಚ್ಚಲು ಮನುಷ್ಯ ಕೆಳಗಿಳಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಕೆಲವೇ ಉಸಿರಿನಲ್ಲಿ ಜೀವ ತೆಗೆಯಬಲ್ಲದು. ಇದಕ್ಕೆ ತಂತ್ರಜ್ಞಾನ ಕೊಟ್ಟ ಉತ್ತರ ಡಕ್‌ಫೂಟ್ ಬೆಂಡ್: ತಳದ ಕಾಂಕ್ರೀಟಿಗೆ ಪಾದ ಊರಿ ನಿಂತ, ಫ್ಲೇಂಜ್ ಇರುವ ತಿರುವು ಕೊಳವೆ. ಪಂಪನ್ನು ಎರಡು ಕಂಬಿಗಳ ಮೇಲೆ ಸರಪಳಿಯಿಂದ ಇಳಿಬಿಟ್ಟರೆ ಅದು ತನ್ನ ತೂಕದಿಂದಲೇ ಬೆಂಡಿನ ಮುಖಕ್ಕೆ ಕಚ್ಚಿ ಕೂರುತ್ತದೆ. ಬೋಲ್ಟು ಬೇಕಿಲ್ಲ, ಯಾರೂ ಇಳಿಯಬೇಕಿಲ್ಲ. ಕೆಟ್ಟಾಗ ಮೇಲೆ ನಿಂತೇ ಎತ್ತಬಹುದು. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹೊಸದಾಗಿ ಕಟ್ಟುವ ಯಾವ ಪಂಪಿಂಗ್ ಸ್ಟೇಷನ್ನಿಗೂ, ಅದು ನಗರದ್ದಿರಲಿ ಅಪಾರ್ಟ್‌ಮೆಂಟಿನದಿರಲಿ, ಈ ಏರ್ಪಾಡು ಇರಲೇಬೇಕು.

ತೊಟ್ಟಿಕ್ಕುವ ಜೋಡಣೆಯನ್ನು ಕಂಡರೂ ಕಾಣದಂತೆ ಹೋಗುವುದು ನಮ್ಮ ರೂಢಿ. 40 ಮೀಟರ್ ಒತ್ತಡವಿರುವ ಸಾಲಿನಲ್ಲಿ ಮೂರು ಮಿಲಿಮೀಟರಿನ ಒಂದೇ ಒಂದು ರಂಧ್ರದಿಂದ ದಿನಕ್ಕೆ ಸುಮಾರು 10,000 ಲೀಟರ್ ನೀರು ಹೊರಹೋಗುತ್ತದೆ. ಜಲಜೀವನ ಮಿಷನ್ ನಿಗದಿ ಮಾಡಿರುವ ತಲೆಗೆ 55 ಲೀಟರಿನ ಲೆಕ್ಕದಲ್ಲಿ ಅದು 180 ಹಳ್ಳಿಗರ ಪಾಲು. ಪೋಲಾಗುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸರದಿಯಲ್ಲಿ ನೀರು ಬಿಡುವ ಊರುಗಳಲ್ಲಿ ಸರಬರಾಜು ನಿಂತೊಡನೆ ಕೊಳವೆಯ ಒತ್ತಡ ಇಳಿಯುತ್ತದೆ. ನೀರು ಹೊರಬರುತ್ತಿದ್ದ ಸಂದಿಯಿಂದಲೇ ಸುತ್ತಲಿನ ಕೊಳಕು ಒಳಸೇರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ 24 ಗಂಟೆ ನೀರು ಬರುವ ಬಡಾವಣೆಗಳನ್ನೂ ಸರದಿಯ ಬಡಾವಣೆಗಳನ್ನೂ ಹೋಲಿಸಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರದಿ ನೀರಿನಲ್ಲೇ ರೋಗಾಣು ಸೂಚಕ ಬ್ಯಾಕ್ಟೀರಿಯಾಗಳು ಹೆಚ್ಚು ಕಂಡುಬಂದಿದ್ದವು.

ಆದ್ದರಿಂದ ಅಪಾರ್ಟ್‌ಮೆಂಟಿನ ಸಂಘದವರು, ಗ್ರಾಮ ಪಂಚಾಯಿತಿಯ ಸದಸ್ಯರು ವರ್ಷಕ್ಕೆ ಒಮ್ಮೆಯಾದರೂ ಪಂಪ್‌ಹೌಸ್ ಮತ್ತು ವಾಲ್ವ್ ಚೇಂಬರಿನ ಮುಚ್ಚಳ ತೆಗೆಸಿ ಫ್ಲೇಂಜುಗಳನ್ನು ನೋಡಬೇಕು. ತುಕ್ಕು ಹಿಡಿದ ಬೋಲ್ಟು ಬದಲಿಸಿ, ಸರಿಯಾದ ದರ್ಜೆಯ ಹೆಚ್ಚುವರಿ ಗ್ಯಾಸ್ಕೆಟ್ ದಾಸ್ತಾನು ಇಡಿಸಿ, ವಾಟರ್‌ಮ್ಯಾನ್ ಕೈಗೆ ಒಂದು ಟಾರ್ಕ್ ರೆಂಚ್ ಕೊಡಿಸಿ. ಬೆಂಗಳೂರಿನವರು ರಸ್ತೆಯಲ್ಲಿ ಸೋರಿಕೆ ಕಂಡರೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ ತಿಳಿಸಿ.