ಹದವಾಗಿ ಬೆಂದರೆ ಎಣ್ಣೆ, ಸೀದರೆ ಇದ್ದಿಲು

ಜಾರ್ಖಂಡ್‌ನ ಝರಿಯಾ ಕಲ್ಲಿದ್ದಲು ಗಣಿಗಳಲ್ಲಿ ‘ಝಾಮಾ’ ಎಂಬ ಮಾತಿದೆ. ಕೋಟ್ಯಂತರ ವರ್ಷಗಳ ಹಿಂದೆ ಕರಗಿದ ಬಂಡೆ ಕೆಳಗಿನಿಂದ ನುಗ್ಗಿ ಕಲ್ಲಿದ್ದಲಿನ ಪದರವನ್ನು ಸೀಳಿದ ಕಡೆ, ಅದರ ಮಗ್ಗುಲಿನ ಕಲ್ಲಿದ್ದಲು ಸುಟ್ಟು ಕೋಕ್ ಆಗಿಬಿಟ್ಟಿದೆ. ಅದೇ ಝಾಮಾ. ಅಲ್ಲಿಂದ ದೂರ ಸರಿದಂತೆ ಸುಟ್ಟ ಗುರುತು ಮಾಯವಾಗಿ ಮಾಮೂಲಿ ಕಲ್ಲಿದ್ದಲು ಸಿಗುತ್ತದೆ.

ಪೆಟ್ರೋಲಿಯಂಗೂ ಇದೇ ಲೆಕ್ಕ.

ಪಾಚಿಯಂಥ ಸೂಕ್ಷ್ಮಜೀವಿಗಳ ಅವಶೇಷ ಕೆಸರಿನಲ್ಲಿ ಹೂತು, ಕೆಸರು ಜೇಡುಶಿಲೆಯಾಗುತ್ತದೆ. ಆಳಕ್ಕಿಳಿದ ಆ ಶಿಲೆ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೆಂದರೆ ಎಣ್ಣೆ ಹುಟ್ಟುತ್ತದೆ, ಇನ್ನೂ ಕಾದರೆ ಅನಿಲ. ಅಂಥ ಶಿಲೆಯೊಳಕ್ಕೆ ನುಗ್ಗುವ ಶಿಲಾಪಾಕದ, ಅಂದರೆ ಕರಗಿದ ಬಂಡೆಯ, ಬಿಸಿಯೋ ಸಾವಿರ ಡಿಗ್ರಿ ದಾಟಿರಬಹುದು! ಅಂಟಿಕೊಂಡ ಜೇಡುಶಿಲೆ ತಳ ಹಿಡಿದ ಅನ್ನದಂತೆ ಸೀದುಹೋಗುತ್ತದೆ. ತುಸು ದೂರದಲ್ಲಿ ಅರೆಬೆಂದು ಕೂತ ಶಿಲೆಗೆ ಮಾತ್ರ ಅದೇ ಬಿಸಿ ಹದವಾದ ಒಲೆ.

ಬ್ರೆಜಿಲ್‌ನ ಅಮೆಜಾನ್ ಕಾಡಿನಡಿ ಇರುವ ಸೊಲಿಮೋಯಿಸ್ ಜಲಾನಯನದಲ್ಲಿ ಆದದ್ದು ಇದೇ. ಸುಮಾರು 20 ಕೋಟಿ ವರ್ಷಗಳ ಹಿಂದೆ ಶಿಲಾಪಾಕ ಅಲ್ಲಿನ ಪದರಗಳ ನಡುವೆ ಚಾಪೆಯಂತೆ ಹರಡಿ ಗಟ್ಟಿಯಾಯಿತು. ಇಂಥ ಹಾಸಿಗೆ ಭೂವಿಜ್ಞಾನಿಗಳು ‘ಸಿಲ್’ ಎನ್ನುತ್ತಾರೆ. ನೂರಾರು ಮೀಟರ್ ದಪ್ಪದ ಈ ಸಿಲ್‌ಗಳು ಕೆಳಗಿನ ಡಿವೋನಿಯನ್ ಕಾಲದ ಜೇಡುಶಿಲೆಯನ್ನು ಬೇಯಿಸಿದವು. ಅಲ್ಲಿನ ಉರುಕು ನದಿಯ ಬಳಿ ಪೆಟ್ರೋಬ್ರಾಸ್ ಸಂಸ್ಥೆಗೆ 1986ರಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿನ ಅನಿಲ ಈಗ ಕೊಳವೆಯಲ್ಲಿ ಮನೌಸ್ ನಗರ ಮುಟ್ಟುತ್ತದೆ.

ಅದೇ ದೇಶದ ಪರ್ನೈಬಾ ಜಲಾನಯನದಲ್ಲಿ ಸಿಲ್ ಒಲೆಯಾದದ್ದಷ್ಟೇ ಅಲ್ಲ, ಮುಚ್ಚಳವೂ ಆಯಿತು. ಸಿಲ್‌ನ ಒತ್ತಾದ ಡಯಾಬೇಸ್ ಬಂಡೆಯನ್ನು ದಾಟಲಾಗದೆ ಅನಿಲ ಅದರಡಿಯ ಮರಳುಗಲ್ಲಿನಲ್ಲೇ ಉಳಿಯಿತು. ಆ ಅನಿಲವನ್ನು ಬಾವಿಗಳ ಆಸುಪಾಸಿನಲ್ಲೇ ಉರಿಸಿ ವಿದ್ಯುತ್ ಮಾಡುತ್ತಾರೆ.

ಅರ್ಜೆಂಟೀನಾದ ನ್ಯೂಕೆನ್ ಜಲಾನಯನದ ಕೆಲವೆಡೆ ಇನ್ನೂ ವಿಚಿತ್ರ: ಎಣ್ಣೆ ಇರುವುದು ಸಿಲ್‌ನ ಒಳಗೇ. ಸಿಲ್‌ನ ಆಂಡಿಸೈಟ್ ಬಂಡೆ ತಣಿಯುವಾಗ ಕುಗ್ಗಿ ಬಿರುಕು ಬಿಟ್ಟಿತು. ಸುತ್ತಲಿನ ಜೇಡುಶಿಲೆಯಿಂದ ಹೊರಬಿದ್ದ ಎಣ್ಣೆ ಆ ಬಿರುಕುಗಳಲ್ಲಿ ತುಂಬಿಕೊಂಡಿತು.

ಹೀಗಾಗಿ ಕೊರೆಯುವಾಗ ಅಗ್ನಿಶಿಲೆ ಎದುರಾದರೆ ಬಾವಿಯನ್ನು ಅಲ್ಲಿಗೇ ಕೈಬಿಡುವಂತಿಲ್ಲ. ಸಿಲ್ ಎಷ್ಟು ದಪ್ಪ, ಜೇಡುಶಿಲೆಗೆ ಎಷ್ಟು ಹತ್ತಿರ, ಅದು ನುಗ್ಗಿದಾಗ ಶಿಲೆ ಎಷ್ಟು ಬೆಂದಿತ್ತು, ಹುಟ್ಟಿದ ಎಣ್ಣೆ ನಿಲ್ಲಲು ಜಾಗ ಆಗಲೇ ಸಿದ್ಧವಿತ್ತೇ ಎಂಬುದನ್ನೆಲ್ಲ ಭೂವಿಜ್ಞಾನಿಗಳು ಒಂದೊಂದಾಗಿ ಲೆಕ್ಕ ಹಾಕುತ್ತಾರೆ.