ಕೇಳುತ್ತಲೇ ಮಾತಾಡುವ ರಿಪೀಟರ್

ಪ್ರಶ್ನೆ: ಹಳೆಯ ವೈರ್‌ಲೆಸ್ ಸೆಟ್‌ಗಳಿಂದ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ಬಳಗದವರು) ಕಟ್ಟುವ ರಿಪೀಟರ್, ಒಂದೇ ಆಂಟೆನಾದಲ್ಲಿ ಕೇಳುತ್ತಲೇ ಮಾತಾಡುವುದು ಹೇಗೆ?

ಉತ್ತರ: ರಿಪೀಟರ್‌ನಲ್ಲಿ ಇರುವುದು ಎರಡು ಸೆಟ್. ಒಂದು ದೂರದ ಕ್ಷೀಣ ಸಂಕೇತವನ್ನು ಹಿಡಿಯುತ್ತದೆ, ಇನ್ನೊಂದು ಅದೇ ಮಾತನ್ನು ಅದೇ ಕ್ಷಣ ಬೇರೆ ಆವರ್ತನದಲ್ಲಿ ಜೋರಾಗಿ ಬಿತ್ತರಿಸುತ್ತದೆ. ನಡುವೆ ಪುಟ್ಟ ನಿಯಂತ್ರಕ. ಇಂಥ ಹಳೆಯ ಸೆಟ್‌ಗಳು ಸಿಗುವುದಕ್ಕೆ ಒಂದು ಕಾರಣವಿದೆ: ಅಮೆರಿಕದಲ್ಲಿ ವಾಣಿಜ್ಯ ವೈರ್‌ಲೆಸ್‌ಗಳು 2013ರ ಹೊತ್ತಿಗೆ ಕಿರಿದಾದ ಚಾನೆಲ್‌ಗೆ ಬದಲಾಗಬೇಕಾಯಿತು. ಹಾಗೆ ಮೂಲೆ ಸೇರಿದ ಗಟ್ಟಿಮುಟ್ಟು ಸೆಟ್‌ಗಳು ಹ್ಯಾಮ್‌ಗಳಿಗೆ ಅಗ್ಗವಾಗಿ ದಕ್ಕಿದವು.

ತೊಡಕಿರುವುದು ಆಂಟೆನಾದಲ್ಲಿ. ಹ್ಯಾಮ್‌ಗಳ 2 ಮೀಟರ್ ಬ್ಯಾಂಡಿನಲ್ಲಿ ಕೇಳುವ ಮತ್ತು ಬಿತ್ತರಿಸುವ ಆವರ್ತನಗಳ ನಡುವೆ ಸಾಮಾನ್ಯವಾಗಿ ಇರುವ ಅಂತರ 600 ಕಿಲೋಹರ್ಟ್ಸ್ ಮಾತ್ರ. ಬಾರಿಸುತ್ತಿರುವ ನಗಾರಿಯ ಪಕ್ಕ ನಿಂತು ಆಚೆ ಬೀದಿಯ ಪಿಸುಮಾತು ಕೇಳಬೇಕಾದ ಪಾಡು ಅದು. ಇಲ್ಲಿ ನೆರವಿಗೆ ಬರುವುದು ಡ್ಯೂಪ್ಲೆಕ್ಸರ್, ಅಂದರೆ ಲೋಹದ ಕೊಳವೆಗಳ ಸಾಲು. ಪ್ರತಿ ಕೊಳವೆಯೊಳಗೆ ಸುಮಾರು ಅರ್ಧ ಮೀಟರ್ ಉದ್ದದ ಸರಳು. ಅದನ್ನು ತುಸು ಮೇಲೆ ಕೆಳಗೆ ಸರಿಸಿದರೆ ಕೊಳವೆ ಒಂದು ಆವರ್ತನವನ್ನು ಸಲೀಸಾಗಿ ಬಿಟ್ಟು ಇನ್ನೊಂದನ್ನು ತಡೆಯುತ್ತದೆ. ಹಳೆಯದಾದರೂ ಒಳ್ಳೆಯ ಡ್ಯೂಪ್ಲೆಕ್ಸರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಪರೀಕ್ಷೆ ಸರಳ. ರಿಸೀವರ್‌ಗೆ ಕ್ಷೀಣ ಸಂಕೇತ ಕೊಟ್ಟು, ಟ್ರಾನ್ಸ್‌ಮಿಟರನ್ನು ಹಚ್ಚಿ ಆರಿಸುತ್ತಾರೆ. ಹಚ್ಚಿದಾಗ ಕರಕರ ಸದ್ದು ಹೆಚ್ಚಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ: ಕೊಳವೆಯ ಶ್ರುತಿ ತಪ್ಪಿರಬಹುದು, ಕಳಪೆ ಕೇಬಲ್ಲೂ ಇರಬಹುದು. ಇನ್ನು, ರಿಪೀಟರ್‌ಗೆ ಬಳಸುವುದು ಕಾರಿನ ವೈರ್‌ಲೆಸ್ ಸೆಟ್ಟಾದರೆ, ಅದು ಎರಡು ಮಾತಾಡಿ ಸುಮ್ಮನಾಗುವ ಜಾಯಮಾನದ್ದು. ಗಂಟೆಗಟ್ಟಲೆ ಹರಟೆಗೆ ಕೂರಿಸುವುದಾದರೆ ಶಕ್ತಿ ತಗ್ಗಿಸಿ ಫ್ಯಾನ್ ಹಾಕಲೇಬೇಕು.