ಗಟ್ಟಿ ಮತ್ತು ಪೆಡಸು: ಪರಶುರಾಂಪುರದ ಪರಿಸರದಲ್ಲಿ ಮೂಳೆ ಮಾಪನ

ವಯಸ್ಸಾದಂತೆ ಮೂಳೆಯ ಸಾಂದ್ರತೆ ಕುಗ್ಗಿ, ಒಳರಚನೆ ಶಿಥಿಲಗೊಂಡು, ಅಲ್ಪ ಆಘಾತಕ್ಕೂ ಮುರಿಯುವ ಸ್ಥಿತಿಯೇ ಆಸ್ಟಿಯೋಪೊರೋಸಿಸ್. ಜನಬಳಕೆಯಲ್ಲಿ ಇದನ್ನು 'ಮೂಳೆ ಸವೆತ' ಎನ್ನುತ್ತಾರೆ. ಕೀಲುಗಳ ಸವೆತಕ್ಕೂ ಇದೇ ಮಾತು ಸಲ್ಲುತ್ತದೆ. ಬಿದಿರಿನ ದಬ್ಬೆ ಕಟ್ಟಿ ಮೂಳೆ ಕೂಡಿಸುವ ನಾಟಿವೈದ್ಯ ಮುರಿದ ನಂತರದ ವಿದ್ಯೆಯಾದರೆ, ಮೂಳೆ ಮಾಪನವು ಮುರಿಯುವ ಮೊದಲಿನ ವಿದ್ಯೆ.

ಮಾಪನದಲ್ಲಿ ಪ್ರಚಲಿತವಾಗಿರುವುದು ಡೆಕ್ಸಾ ಎಂಬ ಕ್ಷ-ಕಿರಣ ಪರೀಕ್ಷೆ. ಯುವತಿಯರ ಸರಾಸರಿ ಸಾಂದ್ರತೆಗಿಂತ 2.5 ಮಾನಕ ವಿಚಲನೆಯಷ್ಟು ಅಥವಾ ಅದಕ್ಕೂ ಕಡಿಮೆ ಇದ್ದರೆ ಆಸ್ಟಿಯೋಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನಿರೂಪಿಸಿತು. ಆದರೆ ಈ ಗೆರೆಯ ಮೇಲಿರುವವರಲ್ಲೂ ಮೂಳೆ ಮುರಿತಗಳು ಸಂಭವಿಸುತ್ತವೆ. ಆದ್ದರಿಂದ ರಚನೆಯ ಅಳತೆ ಮುಖ್ಯವಾಯಿತು. ಸೊಂಟದ ಕೀಲಿನ ಅಕ್ಷದ ಉದ್ದ ಒಂದು ಮಾನಕ ವಿಚಲನೆಯಷ್ಟು ಹೆಚ್ಚಿದ್ದರೆ ಸೊಂಟ ಮುರಿತದ ಅಪಾಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದನ್ನು 1993ರ ಅಮೆರಿಕದ ಅಧ್ಯಯನವೊಂದು ತೋರಿಸಿತು. 2008ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯ ಹೊರತಂದ ಫ್ರಾಕ್ಸ್ ಗಣನೆಯು ವಯಸ್ಸು, ತೂಕ, ಹಿಂದಿನ ಮುರಿತ, ತಂದೆತಾಯಿಯರ ಸೊಂಟ ಮುರಿತ ಮೊದಲಾದವನ್ನು ಕೇಳಿ, ಹತ್ತು ವರ್ಷಗಳ ಅಪಾಯವನ್ನು ಶೇಕಡಾವಾರು ಹೇಳುತ್ತದೆ. ಅದು ಕೇಳದಿರುವ ಪ್ರಶ್ನೆ ಒಂದಿದೆ: ಕುಡಿದ ನೀರು ಯಾವುದು?

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಆಂಧ್ರದ ಗಡಿಗೆ ಹತ್ತಿರದ, ವೇದಾವತಿ ಸೀಮೆಯ ಮಳೆ ಕಡಿಮೆಯ ಹೋಬಳಿ. ಕೆರೆ, ತೆರೆದ ಬಾವಿಗಳು ಬತ್ತಿದಂತೆ ಕೊಳವೆಬಾವಿಯ ಅವಲಂಬನೆ ಬೆಳೆಯಿತು. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರುತ್ತದೆ. ಸಿಹಿನೀರು, ಸವಳುನೀರು ಎಂದು ನಾಲಗೆಯಿಂದಲೇ ವಿಂಗಡಿಸುವ ಜಾನಪದ ಜ್ಞಾನಕ್ಕೂ ಇದು ನಿಲುಕದು. ಆ ಪ್ರಮಾಣದ ಫ್ಲೋರೈಡಿಗೆ ರುಚಿಯಿಲ್ಲ.

ಇಂತಹ ನೀರನ್ನು ದೀರ್ಘಕಾಲ ಕುಡಿದವರ ಬೆನ್ನುಮೂಳೆ ಸಾಂದ್ರವಾಗಿ ಕಾಣಬಹುದು. ಆದರೆ ಆ ಸಾಂದ್ರತೆ ಬಲವಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಮೇಯೋ ಕ್ಲಿನಿಕ್ಕಿನ ಪ್ರಯೋಗದಲ್ಲಿ, ಸೋಡಿಯಂ ಫ್ಲೋರೈಡ್ ಸೇವಿಸಿದ ಮಹಿಳೆಯರ ಬೆನ್ನುಮೂಳೆಯ ಸಾಂದ್ರತೆ ಶೇ. 35ರಷ್ಟು ಏರಿದರೂ ಬೆನ್ನುಮೂಳೆಯ ಮುರಿತಗಳು ಗಣನೀಯವಾಗಿ ತಗ್ಗಲಿಲ್ಲ. ಇತರ ಮೂಳೆಗಳ ಮುರಿತಗಳು ಹೆಚ್ಚಿದವು. ಆ ಔಷಧದ ಪ್ರಮಾಣವನ್ನು ಕುಡಿಯುವ ನೀರಿನದರೊಡನೆ ಸಮೀಕರಿಸಲಾಗದು. ಆದರೂ ಬೆನ್ನಿನ ಸಾಂದ್ರತೆಯೊಂದನ್ನೇ ನಂಬಲಾಗದೆಂಬ ಎಚ್ಚರಿಕೆ ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ.

ಕನ್ನಡದ ಆಡುಮಾತು ಈ ಭೇದವನ್ನು ಬಲ್ಲದು. ಬಾಗಿ ಭಾರ ತಾಳುವುದು 'ಗಟ್ಟಿ'. ಬಿರುಸಾಗಿದ್ದು ಬಾಗದೆ ಮುರಿಯುವುದು 'ಪೆಡಸು'. ಡೆಕ್ಸಾದ ಅಂಕಿ ಗಟ್ಟಿಯನ್ನೂ ಪೆಡಸನ್ನೂ ಒಂದೇ ಎಂದು ಓದುವ ಅಪಾಯವಿದೆ. ಆದುದರಿಂದ ಈ ಸೀಮೆಯಲ್ಲಿ ಬೆನ್ನಿನ ಸಾಂದ್ರತೆಯ ಜೊತೆಗೆ ಸೊಂಟ ಮತ್ತು ಮುಂಗೈಯ ಮಾಪನ, ಕ್ಷ-ಕಿರಣ ಚಿತ್ರ ಹಾಗೂ ನೀರಿನ ಚರಿತ್ರೆ ಕೂಡಿಬರಬೇಕು. ಹೆಣ್ಣಿನ ಮಟ್ಟಿಗೆ ಆ ಚರಿತ್ರೆ ತವರಿನ ಬಾವಿಯಿಂದ ಆರಂಭವಾಗಿ ಅತ್ತೆಮನೆಯ ಕೊಳವೆಬಾವಿಯವರೆಗೆ ಸಾಗುತ್ತದೆ. ಅವಳ ಮೂಳೆಯಲ್ಲಿ ಎರಡೂ ಊರುಗಳ ನೀರು ಉಳಿದಿರುತ್ತದೆ. ಅದನ್ನು ಕೇಳಿ ದಾಖಲಿಸುವುದು ಯಂತ್ರದಿಂದಾಗದ ಕೆಲಸ; ಕ್ಷೇತ್ರಕಾರ್ಯಕ್ಕೆ ಸೇರಿದ ಕೆಲಸ.